ಮೈಸೂರು ಪಾಕಿನ ವಿಲೇವಾರಿ

ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಸರ್, ಸಣ್ಣ ಅಣು ರಿಯಾಕ್ಟರುಗಳಲ್ಲಿ ಬಳಸಿ ಮುಗಿದ ಇಂಧನವನ್ನು ಎಲ್ಲಿಡಬೇಕೆಂದು ಯೋಚಿಸುವ ಕೆಲಸದಲ್ಲಿದ್ದರು. ಮನೆಯ ಕಸದ ಬುಟ್ಟಿಯ ಮುಂದೆಯೂ ಕೈಕಟ್ಟಿ ನಿಂತು, "ಎಸೆದ್ರೆ ಮುಗೀತಾ? ಅದು ಎಲ್ಲೂ ಹೋಗಲ್ಲ ಕಣ್ರೀ" ಅನ್ನುತ್ತಿದ್ದರು.

ದೀಪಾವಳಿಗೆ ನನ್ನ ಹೆಂಡತಿ ಕೊಟ್ಟ ಮೈಸೂರು ಪಾಕು ಅವರ ಸುತ್ತಿಗೆಗೂ ಜಗ್ಗಲಿಲ್ಲವಂತೆ. ವಾರದ ನಂತರ ಅದೇ ಡಬ್ಬಿಯನ್ನು, ಮುಚ್ಚಳಕ್ಕೆ ಟೇಪು ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದರು. ಬಾಗಿಲಲ್ಲೇ ನನಗೆ ಪಿಸುಗುಟ್ಟಿದರು: "ಸಣ್ಣ ರಿಯಾಕ್ಟರ್‌ಗೆ ಹೀಗೂ ಒಂದು ಪದ್ಧತಿ ಇದೆ. ಇಂಧನ ಕೊಟ್ಟೋರೇ ವಾಪಸ್ ತಗೋಬೇಕು."

ಒಳಗಿಂದ ಬಂದ ನನ್ನವಳು ಮುಚ್ಚಳ ತೆಗೆದು ಅರಳಿದಳು. "ಖಾಲಿ ಡಬ್ಬಿ ಕೊಡ್ಬಾರ್ದು ಅಂತ ಅವ್ರೂ ಮಾಡಿ ತಂದಿದ್ದಾರೆ ನೋಡ್ರೀ!"

ಅವರು ಹೋದ ಮೇಲೆ ಒಂದು ತುಂಡು ಕಚ್ಚಲು ನೋಡಿ ದವಡೆ ಹಿಡಿದುಕೊಂಡಳು.

"ಪಾಪ, ಅವ್ರ ಮನೇಲಿ ಯಾರಿಗೂ ಪಾಕದ ಹದ ಗೊತ್ತಿಲ್ಲ."