ಹಂಪಕ್ಕನ ಮೂಡಲು

ಹಂಪಕ್ಕ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಹೊಸಪೇಟೆಯ ಖಾಲಿ ಮನೆಗಳ ಬೀಗದಕೈಗಳೆಲ್ಲ ಅವಳ ಸೊಂಟದಲ್ಲಿ ಗೊಂಚಲಾಗಿ ನೇತಾಡುತ್ತಿದ್ದವು. ಚಿತ್ತವಾಡ್ಗಿಯ ಓಣಿಯಲ್ಲಿ ಆ ಗಲಗಲ ಕೇಳಿತೆಂದರೆ ಊರಿಗೆ ಯಾರೋ ಹೊಸಬರು ಬಂದಿದ್ದಾರೆ, ಎಲ್ಲೋ ತಣ್ಣಗೆ ಮಲಗಿದ್ದ ಒಲೆಯೊಂದಕ್ಕೆ ಇವತ್ತು ಬೆಂಕಿ ಬೀಳುತ್ತದೆ ಎಂದು ಅರ್ಥ.

ಅದು ಮದರಾಸಿನ ಸರ್ಕಾರದ ಕಾಲ. ರೈಲಿನವರು, ಅಕ್ಕಿ ಗಿರಣಿಯ ಗುಮಾಸ್ತರು, ಸೊಂಡೂರಿನ ಗಣಿಯ ಲೆಕ್ಕದವರು ಸಂಸಾರ ಸಮೇತ ಬಂದು ಇಳಿದು ಮನೆ ಹುಡುಕುತ್ತಿದ್ದರು. ಮನೆ ಕೊಡಿಸುವ ದಲ್ಲಾಳಿಗಳು ಬೇರೆಯವರೂ ಇದ್ದರು, ಎಲ್ಲರೂ ಗಂಡಸರು. ಅವರು ಪಡಸಾಲೆಯ ಕಂಬ ತೋರಿಸಿ ಮೀಸೆ ತಿರುವುತ್ತಿದ್ದರು. ಹಂಪಕ್ಕ ನೆಟ್ಟಗೆ ಅಡುಗೆಮನೆಗೆ ಹೋಗುತ್ತಿದ್ದಳು. ಬಚ್ಚಲಿಗೆ ಒಂದು ಕೊಡ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡುತ್ತಿದ್ದಳು. ಆಮೇಲೆ ನಡುಮನೆಯಲ್ಲಿ ಸೆರಗು ಹಾಸಿ, ಅಂಗಾತ ಮಲಗಿ, ಕಣ್ಣು ಮುಚ್ಚಿ ಗಾಳಿಗೆ ಕಾಯುತ್ತಿದ್ದಳು. ಕೆಲವು ಸಲ ಹಾಗೇ ನಿದ್ದೆ ಹೋಗಿಬಿಡುವುದೂ ಇತ್ತು.

"ಮಸ್ತ್ ಗಾಳಿ ಐತ್ರಿ," ಎನ್ನುತ್ತಿದ್ದಳು ಎದ್ದು ಕಣ್ಣುಜ್ಜಿಕೊಳ್ಳುತ್ತ. "ನನಗ ನಿದ್ದಿ ಹತ್ತಿತು ಅಂದ ಮ್ಯಾಲೆ ನಿಮ್ಮ ಕೂಸಿಗೆ ಹತ್ತಂಗಿಲ್ಲೇನು?"

ದಿಕ್ಕು ಕೇಳಿದರೂ ಅವಳಲ್ಲಿ ಉತ್ತರ ಸಿದ್ಧವಿತ್ತು. ಸೊಂಡೂರ ಗುಡ್ಡದ ಕಡೆ ತೆಂಕಲು, ಹೊಳೆಯ ಕಡೆ ಬಡಗಲು, ಹಡಗಲಿ ದಾರಿ ಪಡುವಲು. ಮತ್ತೆ ಹಂಪಿ? ಹಂಪಿ ಅಂದರೆ ಮೂಡಲು. ಚಿತ್ತವಾಡ್ಗಿಗೆ ಸೊಸೆಯಾಗಿ ಬಂದ ಮರುದಿನ ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಹಂಪಿಯ ಬಂಡೆಗುಡ್ಡಗಳ ಕಡೆಯಿಂದ ಸೂರ್ಯ ಎದ್ದುಬಂದದ್ದನ್ನು ಕಂಡಿದ್ದಳು. ಆವತ್ತಿನಿಂದ ಅದು ಅವಳ ಪಾಲಿಗೆ ತೀರ್ಮಾನವಾದ ಮಾತು.

ಇದನ್ನು ಒಪ್ಪದವನು ಒಬ್ಬನೇ, ಅವಳ ಅಣ್ಣ ಮೈಲಾರಲಿಂಗಪ್ಪ. ತವರೂರು ತೋರಣಗಲ್ಲಿನಲ್ಲಿ ಹೊಲ ಮಾಡಿಕೊಂಡಿದ್ದ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ರೊಟ್ಟಿ ತಾನೇ ತಟ್ಟುತ್ತಿದ್ದ, ತಾನೇ ಸುಡುತ್ತಿದ್ದ, ತಾನೇ ಬೈದುಕೊಂಡು ತಿನ್ನುತ್ತಿದ್ದ. ಹಂಪಕ್ಕನ ಗಂಡನೂ ಹೋದ ಮೇಲೆ ಪ್ರತಿ ಸುಗ್ಗಿಗೆ ಕಮಾನು ಗಾಡಿ ಹೂಡಿಕೊಂಡು ಬಂದು ಅವಳ ಬಾಗಿಲಲ್ಲಿ ನಿಲ್ಲಿಸುತ್ತಿದ್ದ.

"ಗಾಡಿ ಹತ್ತು ತಂಗೀ. ಊರಿಗೆ ಹೋಗೂಣು."

"ಕೈಯಾಗ ಕೆಲಸ ಐತಿ ಅಣ್ಣಾ. ಮೂಡಲ ಓಣ್ಯಾಗ ಒಂದು ಮನಿ ತೋರಸಬೇಕು."

"ಯಾವ ಮೂಡಲು? ಹಂಪಿ ಕಡೆದೇನು? ಅದು ಪಡುವಲು ಲೇ! ಹೊತ್ತು ಮುಣುಗೋದು ಹಂಪ್ಯಾಗ. ಹುಟ್ಟಿದಾಗಿಂದ ನೋಡೀನಿ."

"ನಿನ್ನ ಹೊತ್ತು ಮುಣುಗಿರಬೇಕು."

ಹೀಗೆ ಜಗಳವಾಡಿ, ಅವಳ ಕೈಯ ಬಿಸಿ ರೊಟ್ಟಿಯನ್ನು ಲೆಕ್ಕ ಮೀರಿ ತಿಂದು, ಖಾಲಿ ಗಾಡಿ ಹೊಡೆದುಕೊಂಡು ಅವನು ಹಿಂದಿರುಗುತ್ತಿದ್ದ.

ಒಂದು ಆಷಾಢದಲ್ಲಿ ಊರಿಗೆ ಹೊಸ ಕಟ್ಟಳೆ ಬಂತು. ಯಾವನೋ ಒಬ್ಬ ದಲ್ಲಾಳಿ ಒಂದೇ ಮನೆಯನ್ನು ಇಬ್ಬರಿಗೆ ಕೊಡಿಸಿಬಿಟ್ಟಿದ್ದ. ಒಂದೇ ಮುಹೂರ್ತಕ್ಕೆ ಎರಡು ಸಂಸಾರಗಳು ಎರಡು ಪಾತ್ರೆ ಹಿಡಿದು ಹಾಲುಕ್ಕಿಸಲು ಬಂದು, ಇರುವ ಒಂದೇ ಒಲೆಗೆ ಕಿತ್ತಾಡಿ, ಹಾಲೆಲ್ಲ ಬೆಕ್ಕಿನ ಪಾಲಾಗಿತ್ತು. ಆದ್ದರಿಂದ ಇನ್ನು ಮುಂದೆ ಮನೆ, ನಿವೇಶನ, ಹೊಲ ಕೊಡಿಸುವವರಿಗೆ ಲೈಸೆನ್ಸ್ ಬೇಕೆಂದಾಯಿತು. ಓದುಬರಹ ಬರಬೇಕು. ಪರೀಕ್ಷೆಗೆ ಕೂರಬೇಕು. ಆಸ್ತಿಯ ಚಕ್ಕುಬಂದಿಯನ್ನು, ಎಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನು, ತಪ್ಪಿಲ್ಲದೆ ಹೇಳಬೇಕು. ಲೈಸೆನ್ಸ್ ಇಲ್ಲದವರು ಒಂದು ಬೀಗವನ್ನೂ ತೆಗೆಯುವಂತಿಲ್ಲ.

ಸುದ್ದಿ ತೋರಣಗಲ್ಲಿಗೆ ಮುಟ್ಟಿದ್ದೇ ತಡ, ಸುಗ್ಗಿ ಇಲ್ಲದಿದ್ದರೂ ಗಾಡಿ ಬಂತು.

"ಅಣ್ಣಾ, ಒಂದು ಮಾತು," ಎಂದಳು ಹಂಪಕ್ಕ. "ಪರೀಕ್ಷಾ ಆಗಲಿ. ಪಾಸಾದ್ರ ಇನ್ನ ಮ್ಯಾಲೆ ಗಾಡಿ ತರಬ್ಯಾಡ. ಫೇಲಾದ್ರ ನಾನಾಗೇ ಹತ್ತಿ ಕುಂದ್ರತೀನಿ. ಜಲ್ಮ ಪೂರ್ತಿ ನಿನ್ನ ರೊಟ್ಟಿ ತಟ್ಟತೀನಿ."

ಮೈಲಾರಲಿಂಗಪ್ಪ ಆವತ್ತು ಎತ್ತುಗಳ ಕೊಂಬಿಗೆ ಎಣ್ಣೆ ಹಚ್ಚಿದ.

ಓದು ಕಲಿಸಿದವಳು ಅಕ್ಕನಾಗಮ್ಮ, ಶಾಲೆಯ ಮೇಷ್ಟ್ರ ಹೆಂಡತಿ. ಅವಳಿಗೆ ಹಿತ್ತಲಲ್ಲಿ ಬಾವಿ ಇರುವ ಮನೆ ಕೊಡಿಸಿದವಳು ಹಂಪಕ್ಕನೇ. ಮಧ್ಯಾಹ್ನ ಗಂಡಸರೆಲ್ಲ ಹೊರಗಿದ್ದಾಗ ಅಡುಗೆಮನೆಯ ನೆಲದ ಮೇಲೆ ರಂಗೋಲಿ ಹಿಟ್ಟಿನಲ್ಲಿ ಅಕ್ಷರ ಮೂಡುತ್ತಿದ್ದವು. ಹಂಪಕ್ಕ ಅವನ್ನು ಮನೆ ನೋಡಿದ ಹಾಗೆ ನೋಡುತ್ತಿದ್ದಳು.

"ಈ ಘ ಚಲೋ ಐತ್ರೆವ್ವಾ, ಎರಡು ಕೋಣಿ, ಮುಂದ ಕಟ್ಟಿ. ಈ ಳ ನೋಡ್ರಿ, ಹಿತ್ತಲಾನೂ ಐತಿ. ಠ ಅಂದ್ರ ಬಾವಿ. ಒಳಗ ಬಿದ್ದ ಕೊಡಾನೂ ಕಾಣಸ್ತತಿ."

"ಇದು ಬ. ಇದು ಲ. ಇದು ಜ."

ಹಂಪಕ್ಕ ಮುಖ ಸಿಂಡರಿಸಿದಳು. "ಇವಕ್ಕ ತಲೆಕಟ್ಟು ಎಲ್ಲೈತ್ರಿ?"

"ಇವಕ್ಕ ಇರಂಗಿಲ್ಲ."

"ಸೂರಿಲ್ಲದ ಮನಿ! ಮಳಿಗಾಲದಾಗ ಯಾರಿಗೂ ತೋರಸಬ್ಯಾಡ್ರಿ."

ಅಕ್ಕನಾಗಮ್ಮ ನಕ್ಕು ನಕ್ಕು ಕೈ ಜಾರಿ ಬ ಅಳಿಸಿಹೋಯಿತು. ಮಾರನೆಯ ದಿನದಿಂದ ಹಂಪಕ್ಕ ಓಣಿಯ ಬಾಗಿಲುಗಳ ಮೇಲೆ ಬರೆದಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆದಳು. ಓದಿದ ಸಂತೋಷಕ್ಕೆ ಒಂದೊಂದು ಬಾಗಿಲ ಮುಂದೆಯೂ ನಿಂತುಬಿಡುತ್ತಿದ್ದಳು. ಒಳಗಿನವರು ಬಾಡಿಗೆ ಏರಿಸಲು ಬಂದಳೆಂದು ಹೆದರಿ ಕದ ಹಾಕಿಕೊಳ್ಳುತ್ತಿದ್ದರು.

ಪರೀಕ್ಷೆ ಮಾಡುವ ಅಧಿಕಾರಿಗಳ ಮೊಕ್ಕಾಂ ಕಂಪ್ಲಿಯಲ್ಲಿತ್ತು. ಕರೆದೊಯ್ಯುವ ಗಾಡಿ ಅಣ್ಣನದೇ. ದಾರಿಯುದ್ದಕ್ಕೂ ಅವನು ಹಾಡು ಗುನುಗಿದ. ಮನೆಯ ಒಲೆಗೆ ಹೊಸ ಮಣ್ಣು ಮೆತ್ತಿಸಿದ್ದನ್ನು ಬಣ್ಣಿಸಿದ. ಹಂಪಕ್ಕ ಗಾಳಿಗೆ ಚಾಪೆ ಇಳಿಬಿಟ್ಟು ಕಮಾನಿನೊಳಗೆ ಕುಳಿತು, ಕಣ್ಣು ಮುಚ್ಚಿ, ಕಾಗುಣಿತ ಹೇಳಿಕೊಳ್ಳುತ್ತಿದ್ದಳು. ಕಮಲಾಪುರ ದಾಟಿದ್ದು ಅವಳಿಗೆ ಗೊತ್ತಿಲ್ಲ. ಹಂಪಿ ಪಕ್ಕಕ್ಕೆ ಸರಿದು ಬೆನ್ನ ಹಿಂದೆ ಉಳಿದದ್ದೂ ಗೊತ್ತಿಲ್ಲ.

ಹೊಳೆಯ ದಂಡೆಯ ಬಂಗಲೆಯಲ್ಲಿ ಪರೀಕ್ಷೆ. ಆಕಾಶ ಬೂದಿ ಬಣ್ಣದ ಕಂಬಳಿ ಹೊದ್ದಿತ್ತು. ಸೂರ್ಯ ಎಲ್ಲಿದ್ದಾನೆಂದು ಹೇಳುವಂತಿರಲಿಲ್ಲ, ಯಾವುದಕ್ಕೂ ನೆರಳಿರಲಿಲ್ಲ. ಅಧಿಕಾರಿಗಳು ಮಂಗಳೂರು ಕಡೆಯವರು. ಅಚ್ಚು ಹಾಕಿದಂಥ ಕನ್ನಡ ಅವರದು. ಮೊದಲು ಹೋದವನು ಹೊಸಪೇಟೆಯದೇ ದಲ್ಲಾಳಿ ಕೊಟ್ರಯ್ಯ. ಹೊರಬಂದು ರುಮಾಲು ಸರಿಮಾಡಿಕೊಂಡ.

"ನನಗ ತಾಲೂಕು ಪೂರ್ತಿಗೆ ಲೈಸನ್ಸು ಸಿಕ್ಕತಿ. ನೀ ಹೋಗಿ ಬಾರವ್ವಾ ಹಂಪಕ್ಕಾ, ಒಳಗ ಮಲಗಾಕ ಬಿಡಂಗಿಲ್ಲ ಮತ್ತ!"

"ನಿನ್ನ ಮನಿಗಳಾಗ ಯಾರೂ ಮಲಗಂಗಿಲ್ಲ ಬಿಡು. ಸೊಳ್ಳಿ."

ಒಳಗೆ ಓದುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಬರೆಯುವಾಗ ತಲೆಕಟ್ಟು ಇಲ್ಲದ ಅಕ್ಷರಗಳಿಗೂ ಅವಳು ಒಂದೊಂದು ಸೂರು ಹೊದಿಸಿದ್ದಳು. ಅಧಿಕಾರಿಗಳು ಕನ್ನಡಕ ಏರಿಸಿ ಇಳಿಸಿ, ಏನೋ ಯೋಚಿಸಿ ಬಿಟ್ಟುಕೊಟ್ಟರು.

"ಈಗ ಈ ಬಂಗಲೆಯನ್ನೇ ನೀವು ಮಾರಿಸಬೇಕು ಎಂದು ತಿಳಿಯಿರಿ. ಚಕ್ಕುಬಂದಿ ಹೇಳಿ. ಯಾವ ದಿಕ್ಕಿಗೆ ಏನು ಉಂಟು?"

ಹಂಪಕ್ಕ ಕಿಟಕಿಯಿಂದ ನೋಡಿದಳು. ಅವಳ ಗುಡ್ಡಗಳು ಯಾವುವೂ ಇದ್ದಲ್ಲಿ ಇರಲಿಲ್ಲ.

"ಸಾಹೇಬ್ರ, ಹಂಪಿ ಯಾವ ಕಡೆ ಬರ್ತತ್ರಿ?"

ಬಾಗಿಲ ಜವಾನ ಕೈ ತೋರಿಸಿದ. ಹಂಪಕ್ಕನ ಮುಖ ಅರಳಿತು.

"ಹಂಗಾದ್ರ ಸಸಾರ! ಮೂಡಲಕ ಹಂಪಿ ದಾರಿ. ಪಡುವಲಕ ಕೋಟಿ. ಬಡಗಲಕ ಭತ್ತದ ಗದ್ದಿ. ತೆಂಕಲಕ ಹೊಳಿ. ಬಾಗಲ ಹೊಳಿ ಕಡೆ, ಅಂದ್ರ ತೆಂಕಲ ಬಾಗಲ."

ಹೊರಗೆ, ಕಿಟಕಿಯ ಕೆಳಗೆ, ಯಾರೋ ತಡೆದುಕೊಳ್ಳಲಾರದೆ ಕೂಗಿದರು. "ಪಡುವಲು ಲೇ! ಹಂಪಿ ಪಡುವಲು! ಎಷ್ಟು ಸಲ ಹೇಳಬೇಕು ನಿನಗ!"

ಅದು ಮೈಲಾರಲಿಂಗಪ್ಪ. ತಂಗಿ ಫೇಲಾಗಲೆಂದು ಹರಕೆ ಹೊತ್ತು ಬಂದವನು. ಆದರೆ ತಪ್ಪು ಕಿವಿಗೆ ಬಿದ್ದಾಗ ಬಾಯಿ ಕೇಳಬೇಕಲ್ಲ.

"ಹೇಳಿಕೊಡ್ತಾನ್ರಿ! ಕಾಪಿ!" ಎಂದು ಕೊಟ್ರಯ್ಯ ಕಟ್ಟೆಯಿಂದಲೇ ದೂರು ಕೊಟ್ಟ.

"ಅವನ ಮಾತು ಹಿಡೀಬ್ಯಾಡ್ರಿ ಸಾಹೇಬ್ರ," ಎಂದಳು ಹಂಪಕ್ಕ ಕೆಂಪಾಗಿ. "ಅವ ಹುಟ್ಟಿದಾಗಿಂದ ತಪ್ಪೇ ಹೇಳಾದು. ನಂದು ಮೂಡಲೇ. ಬರಕೊಳ್ರಿ."

ಅಧಿಕಾರಿಗಳು ಲೇಖನಿ ಕೆಳಗಿಟ್ಟರು. "ಅಮ್ಮಾ, ಹೊಳೆ ತೆಂಕಲಿಗೆ ಉಂಟಾದರೆ ನಾವು ಹೊಳೆಯ ಆಚೆ ಇದ್ದೇವೆ ಎಂದಾಯಿತು. ಆಚೆ ಇರುವುದು ನಿಜಾಮರ ಸೀಮೆ. ಮದರಾಸಿನ ಬಂಗಲೆಯನ್ನು ಒಂದು ಮಾತಿನಲ್ಲಿ ನಿಜಾಮರಿಗೆ ಕೊಟ್ಟುಬಿಟ್ಟಿರಲ್ಲ ಮಾರಾಯ್ತಿ!"

ಜವಾನ ಬಾಯಿಗೆ ಕೈ ಅಡ್ಡ ಹಿಡಿದ. ಹಂಪಕ್ಕ ಜಗ್ಗಲಿಲ್ಲ.

"ಹೊತ್ತು ಹೇಳಲಿ ಸಾಹೇಬ್ರ. ಅದು ಹಂಪಿ ಕಡೆ ಮುಣುಗಿದ್ರ ನಾ ಬಾಯಿ ಮುಚ್ಚಿ ಗಾಡಿ ಹತ್ತತೀನಿ."

ಮೋಡ ಕವಿದ ಕಂಪ್ಲಿಯಲ್ಲಿ ಅಧಿಕಾರಿಗಳಿಗೂ ಬೇಸರವಾಗಿತ್ತೇನೋ. ಕುರ್ಚಿಯನ್ನು ಜಗಲಿಗೆ ತರಿಸಿದರು. ಚಹಾ ಬಂತು. ಕೊಟ್ರಯ್ಯ ಹೋಗದೆ ಉಳಿದ. ಮೈಲಾರಲಿಂಗಪ್ಪ ಎತ್ತು ಹೂಡಿ ಸಿದ್ಧ ಮಾಡಿಯೇ ಬಂದು ಕುಳಿತ. ಎಲ್ಲರೂ ಆಕಾಶ ನೋಡುತ್ತ ಕುಳಿತರು, ನಾಟಕದ ಪರದೆ ಏಳುವುದನ್ನು ಕಾಯುವವರ ಹಾಗೆ.

ಸಂಜೆಯ ಗಾಳಿ ಹೊಳೆಯ ಮೇಲಿಂದ ಬಂದು ಮೋಡದ ಅಂಚನ್ನು ಮೆಲ್ಲಗೆ ಎತ್ತಿತು. ಕೆಳಗೆ ಒಂದು ಕೆಂಪು ಗೆರೆ. ಗೆರೆ ಅಗಲವಾಯಿತು. ಅದರೊಳಗೆ, ಹಂಪಿಯ ದಾರಿ ಹೋಗುವ ಕಡೆ, ಗುಡ್ಡಗಳ ನೆತ್ತಿಯ ಮೇಲೆ, ಕುಂಕುಮದ ಬಟ್ಟಲಿನಂಥ ಸೂರ್ಯ ಇಳಿಯುತ್ತಿದ್ದ. ಹೊಳೆಯೆಲ್ಲ ಕೆಂಪಾಯಿತು.

"ನೋಡು! ನೋಡು! ಹಂಪ್ಯಾಗ ಮುಣುಗತೈತಿ!" ಮೈಲಾರಲಿಂಗಪ್ಪ ಜಗಲಿಯ ಮೇಲೆ ಕುಣಿದೇಬಿಟ್ಟ. ರುಮಾಲು ಬಿಚ್ಚಿ ಗಾಳಿಗೆ ಬೀಸಿದ.

ಹಂಪಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಇದನ್ನು ಅವಳು ಹಿಂದೆ ಕಂಡಿದ್ದಳು. ತೋರಣಗಲ್ಲಿನ ಹೊಲದ ಬದುವಿನಲ್ಲಿ, ಲಂಗ ಎತ್ತಿ ಕಟ್ಟಿಕೊಂಡು, ಅಣ್ಣನ ಪಕ್ಕ ನಿಂತು. ಇದೇ ಗುಡ್ಡಗಳು, ಇದೇ ಕೆಂಪು. ಮದುವೆಯಾಗಿ ಬಂದ ಮೇಲೆ ಆ ಸಂಜೆಗಳನ್ನು ಮರೆತೇಬಿಟ್ಟಿದ್ದಳು. ಮರುಕ್ಷಣ ಅವಳಿಗೆ ನಗು ಬಂತು. ತಡೆದಷ್ಟೂ ಉಕ್ಕಿತು. ಬೀಗದಕೈಗಳೆಲ್ಲ ಗಲಗಲ ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ನಮ್ಮಣ್ಣ ಖರೇ ಹೇಳಿದ್ರಿ ಸಾಹೇಬ್ರ. ನಾನೂ ಖರೇ ಹೇಳಿದ್ದೆ. ನಾ ಹುಟ್ಟಿದ ಮನ್ಯಾಗ ಹಂಪಿ ಕಡೆ ಹೊತ್ತು ಮುಣುಗತೈತಿ, ಕೊಟ್ಟ ಮನ್ಯಾಗ ಹಂಪಿ ಕಡೆ ಹುಟ್ಟತೈತಿ. ಹಂಪಿ ಇದ್ದಲ್ಲೇ ಐತಿ. ಈಕಡಿಂದ ಆಕಡಿಗೆ ಬಂದಾಕಿ ನಾನು. ಅದು ನನಗ ಈಗ ತಿಳೀತು."

ಎದ್ದು ಗಾಡಿಯ ಕಡೆ ನಡೆದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಾಗ ಅಧಿಕಾರಿಗಳು ಕರೆದರು.

"ಪರೀಕ್ಷೆ ಮುಗಿಯಿತು ಎಂದು ನಾನು ಹೇಳಲಿಲ್ಲವಲ್ಲ. ಈಗ ಹೇಳಿ, ಚಕ್ಕುಬಂದಿ."

ಅವಳು ಅಲ್ಲಿಂದಲೇ, ಸೂರ್ಯನ ಕಡೆ ಕೈ ತೋರಿಸುತ್ತ, ಬಂಗಲೆಯನ್ನು ನಿಜಾಮರ ಸೀಮೆಯಿಂದ ಬಿಡಿಸಿ ತಂದು ಮದರಾಸಿನ ದಂಡೆಗೆ ಇಟ್ಟಳು. ಹೊಳೆ ಬಡಗಲಿಗೆ ಹೋಯಿತು, ಗದ್ದೆ ತೆಂಕಲಿಗೆ, ಕೋಟೆ ಮೂಡಲಿಗೆ, ಹಂಪಿಯ ದಾರಿ ಪಡುವಲಿಗೆ. ಆ ಕೊನೆಯ ಮಾತು ಹೇಳುವಾಗ ಅವಳಿಗೆ ಸ್ವಲ್ಪ ಕಷ್ಟವಾಯಿತು.

ಅಧಿಕಾರಿಗಳು ಲೈಸೆನ್ಸ್ ಬರೆದು ಮೊಹರು ಒತ್ತಿದರು. ಅವಳು ಗಟ್ಟಿಯಾಗಿ ಕೂಡಿಸಿ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. "ಹೊಸಪೇಟೆ ಪಟ್ಟಣದ ಎಲ್ಲೆಯೊಳಗೆ ಮಾತ್ರ."

"ಅಲ್ಲಿ ಹಂಪಿ ಮೂಡಲಿಗೇ ಉಂಟಲ್ಲ," ಎಂದರು ಅವರು, ಗಂಭೀರವಾಗಿ. "ಎಲ್ಲೆ ದಾಟಬೇಡಿ. ಅಪಾಯ."

ಆ ರಾತ್ರಿ ಕಂಪ್ಲಿಯಲ್ಲೇ ಉಳಿದು, ಬೆಳಗ್ಗೆ ಅಣ್ಣತಂಗಿ ಹೊರಟರು. ಮೈಲಾರಲಿಂಗಪ್ಪ ಗೆದ್ದೂ ಇದ್ದ, ಸೋತೂ ಇದ್ದ. ಯಾವುದಕ್ಕೆ ಮುಖ ಹೇಗೆ ಮಾಡಬೇಕೆಂದು ತಿಳಿಯದೆ ಎತ್ತುಗಳ ಬಾಲ ನೋಡುತ್ತ ಗಾಡಿ ಹೊಡೆಯುತ್ತಿದ್ದ. ಹಂಪಕ್ಕ ಈ ಸಲ ಚಾಪೆ ಎತ್ತಿಸಿದ್ದಳು. ವಿರೂಪಾಕ್ಷನಿಗೆ ಒಂದು ಕಾಯಿ ಒಡೆಸಬೇಕೆಂದು ಗಾಡಿಯನ್ನು ಹಂಪಿಗೇ ತಿರುಗಿಸಿದಳು. ಪೂಜೆ ಮುಗಿಸಿ ಹಳೆಯ ಬಜಾರಿನ ನಡುವೆ ಬಂದಾಗ ಮಧ್ಯಾಹ್ನದ ಬಿಸಿಲು ಬಂಡೆಗಳ ಮೇಲೆ ಮಲಗಿತ್ತು.

"ಅಣ್ಣಾ, ಗಾಡಿ ನಿಂದರಸು. ಈಗ ಹೇಳು, ಹಂಪಿ ಯಾವ ಕಡೆ?"

ಅವನು ಗಾಡಿಯ ಮೇಲೆ ಎದ್ದು ನಿಂತ. ಗೋಪುರ ನೋಡಿದ, ಗುಡ್ಡ ನೋಡಿದ, ಹೊಳೆಯ ಕಡೆ ನೋಡಿದ, ಒಂದು ಸುತ್ತು ತಿರುಗಿದ. ಹಾಗೇ ಕುಳಿತುಬಿಟ್ಟ. ಹಂಪಕ್ಕನ ನಗು ಬಜಾರಿನ ಕಲ್ಲುಕಂಬಗಳ ನಡುವೆ ಓಡಾಡಿ ಬಂತು.

ಸ್ವಲ್ಪ ದೂರ ಹೋದ ಮೇಲೆ ಅವನೇ ಮಾತು ತೆಗೆದ.

"ಹೊಸಪ್ಯಾಟ್ಯಾಗ ಒಂದು ಸಣ್ಣ ಮನಿ ಇದ್ರ ನೋಡು. ಸುಗ್ಗಿ ಮುಗಿದ ಮ್ಯಾಲೆ ಬಂದು ಇರಾಕ. ನಿನ್ನ ಒಲಿ ಹತ್ರ ಇರಲಿ. ರೊಟ್ಟಿ ಆರಬಾರದು."

ಹಂಪಕ್ಕ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. "ನಡುಮನ್ಯಾಗ ಗಾಳಿ ಬೇಕೇನ್ರಿ ಯಜಮಾನ್ರ?"

"ಬೇಕು."

"ಬಾಗಲ ಯಾವ ದಿಕ್ಕಿಗಿರಬೇಕ್ರಿ?"

ಮೈಲಾರಲಿಂಗಪ್ಪ ರುಮಾಲು ಬಿಗಿದುಕೊಂಡ. "ಹಂಪಿ ಕಡೆ," ಎಂದ.

"ಅಂದ್ರ ಯಾವ ದಿಕ್ಕು? ಬಾಯಿ ಬಿಟ್ಟು ಹೇಳಬೇಕ್ರಿ. ಲೈಸನ್ಸಿನ ಮಾತಿದು."

"ಹಂಪಿ ಕಡೆ ಅಂದ್ನೆಲ್ಲ ಲೇ," ಎಂದು ಅವನು ಎತ್ತುಗಳನ್ನು ಜಲ್ದಿ ಹೊಡೆದ.