ಬೊಳ್ಳಿಯ ಬಲಿಪಾಡ್ಯಮಿ

ಸುಬ್ಬಯ್ಯನ ದನಗಳು 2003ರಲ್ಲಿ ಸತ್ತದ್ದು ಹುಚ್ಚು ಹಸು ರೋಗದಿಂದ ಎಂದು ಟೊರಾಂಟೊ ಸುತ್ತಿನ ಕನ್ನಡಿಗರಲ್ಲಿ ಅರ್ಧದಷ್ಟು ಜನ ಇಂದಿಗೂ ಹೇಳುತ್ತಾರೆ. ಉಳಿದವರು ಗೋವನ್ನು ಮಾಂಸಕ್ಕೆ ಸಾಕಿದ ಪಾಪದಿಂದ ಎನ್ನುತ್ತಾರೆ. ಎರಡೂ ಸುಳ್ಳು. ಆ ವರ್ಷದ ಮೇ ತಿಂಗಳಲ್ಲಿ ರೋಗ ಪತ್ತೆಯಾದದ್ದು ಅಲ್ಬರ್ಟಾದ ಒಂದು ಹಸುವಿನಲ್ಲಿ; ಅಲ್ಲಿಂದ ಸುಬ್ಬಯ್ಯನ ಬೇಲಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪಾಪದ ಮಾತಿಗೆ ಆಮೇಲೆ ಬರೋಣ. ನಿಜಸಂಗತಿ ಗೊತ್ತಿದ್ದವರು ಸುಬ್ಬಯ್ಯ ಮತ್ತು ಒಬ್ಬ ಪಶುವೈದ್ಯ ಮಾತ್ರ. ಅದನ್ನು ಯಾರಿಂದ ಮುಚ್ಚಿಡಬೇಕಾಗಿತ್ತೋ ಆ ಅಕ್ಕ ಈಗ ಇಲ್ಲ. ಇನ್ನು ಹೇಳಲು ಅಡ್ಡಿಯಿಲ್ಲ.

ಸುಬ್ಬಯ್ಯ ಪುತ್ತೂರಿನ ಕಡೆಯವನು. ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ, ಬಣ್ಣ ಬಳಿಯುವ ವಿಭಾಗದಲ್ಲಿ, ಇಪ್ಪತ್ತಮೂರು ವರ್ಷ ದುಡಿದು 1999ರಲ್ಲಿ ನಿವೃತ್ತನಾದ. ಹೆಂಡತಿ ರತ್ನಾ ಅದಕ್ಕೂ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಖಾಲಿ ಮನೆಯಲ್ಲಿ ಕೂರಲಾರದೆ ಅವನು ಜಾರ್ಜ್‌ಟೌನಿನ ಆಚೆ ಮೂವತ್ತು ಎಕರೆ ಹುಲ್ಲುಗಾವಲನ್ನೂ ಅದಕ್ಕೆ ಸೇರಿದ ಹಳೆಯ ಮನೆಯನ್ನೂ ಗೇಣಿಗೆ ಹಿಡಿದು, ಬಿಳಿ ಮುಖದ ಏಳು ಕಡಸುಗಳನ್ನು ಕೊಂಡ. ಹಾಲಿನ ಹಸುವನ್ನೇಕೆ ಸಾಕಲಿಲ್ಲ ಎಂದು ಕೇಳುವವರು ಒಂದು ಸಂಗತಿ ತಿಳಿದಿರಬೇಕು. ಈ ದೇಶದಲ್ಲಿ ಹಾಲು ಮಾರಲು ಕೋಟಾ, ಅಂದರೆ ದುಬಾರಿ ಬೆಲೆ ತೆತ್ತು ಕೊಳ್ಳುವ ಹಕ್ಕು, ಬೇಕು. ಅದು ನಿವೃತ್ತ ಕಾರ್ಮಿಕನ ಕೈಗೆ ಎಟುಕುವುದಲ್ಲ. ದನಗಳ ಜೊತೆ ಬದುಕಬೇಕೆಂದರೆ ಅವನಿಗೆ ಉಳಿದಿದ್ದದ್ದು ಮಾಂಸದ ದಾರಿಯೊಂದೇ.

ಬರೀ ಹುಲ್ಲು ತಿಂದು ಬೆಳೆದ ದನದ ಮಾಂಸಕ್ಕೆ ಪೋರ್ಟ್ ಕ್ರೆಡಿಟ್ಟಿನ ಕಡೆ ಗಿರಾಕಿಗಳಿದ್ದರು. ಸುಬ್ಬಯ್ಯ ಹೊಸಬ, ಏಟು ತಿಂದೇ ಕಲಿತ. ಮೊದಲ ಬೇಸಿಗೆಯಲ್ಲಿ ದನಗಳನ್ನು ಒಂದೇ ಕಡೆ ಬಿಟ್ಟಿದ್ದರಿಂದ ಹುಲ್ಲು ಬುಡಸಮೇತ ಹಾಳಾಯಿತು. ಮೊದಲ ಚಳಿಗಾಲದಲ್ಲಿ ಒಣಹುಲ್ಲಿನ ಉರುಳೆಗಳನ್ನು ಬಯಲಲ್ಲೇ ಇಟ್ಟು ಅರ್ಧದಷ್ಟು ಕೊಳೆಸಿದ. ಆಮೇಲೆ ವಿದ್ಯುತ್ ತಂತಿಯಿಂದ ಹುಲ್ಲುಗಾವಲನ್ನು ಪಟ್ಟಿಗಳಾಗಿ ಸೀಳಿ, ದಿನಕ್ಕೊಂದು ಪಟ್ಟಿಯಂತೆ ಮೇಯಿಸುವುದನ್ನು ರೂಢಿಸಿಕೊಂಡ. ಕಲಿಯದೆ ಉಳಿದದ್ದು ಒಂದೇ. ಕಾಳು ಹಾಕಬಾರದೆಂಬ ನಿಯಮ ಗಿರಾಕಿಗಳ ನಾಲಗೆಗಾಗಿ ಮಾತ್ರ ಇದೆಯೆಂದು ಅವನು ತಿಳಿದಿದ್ದ. ಹುಲ್ಲಿಗಷ್ಟೇ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಧಾನ್ಯ ಬಿದ್ದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

2001ರಲ್ಲಿ ಅಕ್ಕ ಕೊರಪ್ಪೊಳು ಬಂದಳು. ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ತಾಯಿಯಿಲ್ಲದ ಸುಬ್ಬಯ್ಯನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಓಕ್‌ವಿಲ್‌ನ ಮನೆಯಲ್ಲಿ ಇಂಗ್ಲಿಷ್ ಬಾರದೆ, ಚಳಿಗೆ ಹೆದರಿ, ಮಂಕಾಗಿ ಕೂತಿದ್ದ ಮುದುಕಿ ದನಗಳ ನಡುವೆ ಬಂದು ನಿಂತ ದಿನವೇ ಸೆರಗು ಬಿಗಿದು ಕಟ್ಟಿದಳು. ಕಿವಿಗೆ ನಂಬರಿನ ಬಿಲ್ಲೆಯಷ್ಟೇ ಇದ್ದ ಹಸುಗಳಿಗೆ ಹೆಸರಿಟ್ಟಳು. ಹಿಂಡಿನ ಮುಂದಾಳು ಬೊಳ್ಳಿ. ತುಳುವಿನಲ್ಲಿ ಬೆಳ್ಳಿ ಎಂದರ್ಥ. ಬೊಳ್ಳಿ ಅವಳ ದನಿ ಕೇಳಿದರೆ ಬೇಲಿಯವರೆಗೆ ನಡೆದು ಬರುತ್ತಿತ್ತು.

ಗಂಡುಕರುಗಳು ಎಲ್ಲಿಗೆ ಹೋಗುತ್ತವೆಂದು ಅವಳು ಕೇಳಿದಾಗ ಬೇರೆ ಫಾರ್ಮಿನವರು ಕೊಂಡುಕೊಳ್ಳುತ್ತಾರೆ ಎಂದು ಸುಬ್ಬಯ್ಯ ಹೇಳಿದ್ದ. ಪ್ರತಿ ಶರತ್ಕಾಲ ಟ್ರೈಲರ್ ಬಂದಾಗ ಅವಳು ಒಂದೊಂದರ ಬೆನ್ನನ್ನೂ ಸವರುತ್ತಿದ್ದಳು. ಅಕ್ಕ ತಮ್ಮನ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಮಂಗಳೂರು ಕನ್ನಡದಲ್ಲಿ ಕೊಟ್ಟಿದೆ.

"ಒಳ್ಳೆ ಮನೆ ಸೇರು ಮಗಾ" ಎನ್ನುತ್ತಿದ್ದಳು.

ಆಗ ಸುಬ್ಬಯ್ಯ ಟ್ರೈಲರಿನ ಚಿಲಕದ ಮೇಲಿಂದ ಕಣ್ಣು ಎತ್ತುತ್ತಿರಲಿಲ್ಲ.

2003ರಲ್ಲಿ ಅಲ್ಬರ್ಟಾದ ಆ ಹಸುವಿನಿಂದಾಗಿ ಅಮೆರಿಕದ ಗಡಿ ಮುಚ್ಚಿತು. ಸಂತೆಯಲ್ಲಿ ಹಸುವನ್ನು ಕೇಳುವವರಿಲ್ಲದಾಯಿತು. ಸುಬ್ಬಯ್ಯನ ಏಳೂ ಗಬ್ಬವಾಗಿದ್ದವು. ಚಳಿಗಾಲ ದಾಟಿ ಅವು ಕರು ಹಾಕಿದರೆ ಹಿಂಡು ಉಳಿಯುತ್ತಿತ್ತು. ಹಿಂಡು ಉಳಿದರೆ ಅಕ್ಕ ಇಲ್ಲಿ ಉಳಿಯುತ್ತಿದ್ದಳು. ಅವನ ಆಸೆ ಅಷ್ಟೇ ಇತ್ತು.

ಬಲಿಪಾಡ್ಯಮಿ ಅಕ್ಟೋಬರಿನ ಕೊನೆಯ ವಾರಾಂತ್ಯದಲ್ಲಿ ಬಂತು. ಸುಬ್ಬಯ್ಯ ಅಕ್ಕನಿಗೆ ಪೇಟೆಯ ಕೆಲಸವೆಂದು ಹೇಳಿ, ಗಿರಾಕಿಗಳಿಗೆ ಮಾಂಸ ತಲುಪಿಸಲು ಬೆಳಿಗ್ಗೆಯೇ ಪೋರ್ಟ್ ಕ್ರೆಡಿಟ್ಟಿಗೆ ಹೊರಟ. ಅವನು ಹೋದ ಮೇಲೆ ಕೊರಪ್ಪೊಳು ದನಗಳ ಹಬ್ಬ ಮಾಡಿದಳು. ಊರಿನಲ್ಲಿ ಮಾಡುತ್ತಿದ್ದಂತೆಯೇ ಅಕ್ಕಿಹಿಟ್ಟು ಕಲಸಿ, ಲೋಟದ ಬಾಯಿಯನ್ನು ಅದರಲ್ಲಿ ಅದ್ದಿ, ಹಸುಗಳ ಮೈತುಂಬ ಬಿಳಿಯ ಉಂಗುರಗಳನ್ನು ಒತ್ತಿದಳು. ಅಂಗಳದ ಸೇವಂತಿಗೆ ಕಿತ್ತು ಕೊರಳಿಗೆ ಕಟ್ಟಿದಳು. ಚಳಿಗಾಲಕ್ಕೆಂದು ಸುಬ್ಬಯ್ಯ ತಂದಿಟ್ಟಿದ್ದ ಎರಡು ಚೀಲ ಅಕ್ಕಿಯಲ್ಲಿ ಒಂದನ್ನು ಬೇಯಿಸಿ, ಇನ್ನೊಂದನ್ನು ನೆನೆಸಿ, ಬೆಲ್ಲ ಕಲಸಿ ಬಡಿಸಿದಳು. ವರ್ಷವಿಡೀ ಹುಲ್ಲು ತಿನ್ನುವ ಜೀವಕ್ಕೆ ಹಬ್ಬದ ದಿನವೂ ಹುಲ್ಲೇ ಹಾಕುವುದು ಅವಳ ಲೆಕ್ಕದಲ್ಲಿ ದನಕ್ಕೆ ಮಾಡುವ ಅವಮಾನ. ಬೊಳ್ಳಿ ಎಲ್ಲರನ್ನೂ ತಳ್ಳಿ ಮುಂದೆ ಬಂತು. ಹಿಂಡಿನ ಮುಂದಾಳೆಂದು ಅವಳೂ ಅದಕ್ಕೆ ಎರಡು ಪಾಲು ಹಾಕಿದಳು.

ಸಂಜೆ ಸುಬ್ಬಯ್ಯ ಮರಳಿದಾಗ ಹಸುಗಳು ಉಂಗುರದ ಮೈಯಲ್ಲಿ, ಹೂ ತೊಟ್ಟು, ಅಲುಗಾಡದೆ ಮಲಗಿದ್ದವು. ಎರಡು ವರ್ಷದಲ್ಲಿ ಅಕ್ಕನ ಮುಖದಲ್ಲಿ ಅಂಥ ನಗು ಅವನು ಕಂಡಿರಲಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಒಂದು ಹಿಡಿಯನ್ನು ಅವನ ಕೈಯಿಂದಲೂ ಕೊಡಿಸಿದಳು. ಬೊಳ್ಳಿ ಮೂಸಿ ಮುಖ ತಿರುಗಿಸಿತು.

"ಸಾಕಾಗಿದೆ ಅದಕ್ಕೆ. ಹೊಟ್ಟೆ ನೋಡು ಮಾರಾಯ, ಮದುವೆ ಊಟ ಉಂಡವರ ಹಾಗುಂಟು" ಎಂದು ಕೊರಪ್ಪೊಳು ನಕ್ಕಳು. ಅವನೂ ನಕ್ಕ. ಒಂದು ಹಸುವೂ ಮೆಲುಕು ಹಾಕುತ್ತಿಲ್ಲವೆಂಬುದನ್ನು ಇಬ್ಬರೂ ಗಮನಿಸಲಿಲ್ಲ.

ಬೆಳಗಾಗುವಾಗ ಬೊಳ್ಳಿ ಏಳಲಾರದೆ ಬಿದ್ದಿತ್ತು. ಇನ್ನೆರಡು ತೂರಾಡುತ್ತಿದ್ದವು, ಸಗಣಿ ನೀರಾಗಿ ಹುಳಿ ನಾತ ಬರುತ್ತಿತ್ತು. ಪಶುವೈದ್ಯ ಬಂದು ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದ. ಸುಬ್ಬಯ್ಯ ಹೇಳಿದ. ಹುಲ್ಲು ಬಿಟ್ಟು ಬೇರೆ ಕಂಡಿರದ ಹೊಟ್ಟೆಯಲ್ಲಿ ಅಷ್ಟು ಅಕ್ಕಿಬೆಲ್ಲ ಹುಳಿತು ಆಮ್ಲವಾಗಿದೆ, ಅದು ರಕ್ತಕ್ಕೆ ಇಳಿದಿದೆ, ಇವಕ್ಕೆ ಇದು ವಿಷವೇ ಎಂದು ವೈದ್ಯ ವಿವರಿಸಿದ. ತಿನ್ನಿಸಿದವರು ಯಾರೆಂದೂ ಕೇಳಿದ. ನಾನೇ ಎಂದು ಸುಬ್ಬಯ್ಯ ಇಂಗ್ಲಿಷಿನಲ್ಲಿ ಹೇಳಿದ. ಬೊಳ್ಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದ ಕೊರಪ್ಪೊಳುವಿಗೆ ಆ ಮಾತು ಯಾವುದೂ ತಿಳಿಯಲಿಲ್ಲ.

"ಎಂತ ಹೇಳಿದ್ರು ಡಾಕ್ಟ್ರು?"

"ಚಳಿ ಅಕ್ಕ. ಚಳಿ ಹಿಡಿದದ್ದಂತೆ."

ಅವಳು ಬೊಳ್ಳಿಯ ಹಣೆ ಸವರಿದಳು. "ಉಪವಾಸ ಹೋಗುವುದಿಲ್ಲ ಅಲ್ವಾ. ಹೊಟ್ಟೆ ತುಂಬ ಉಂಡಿದೆ. ಅಷ್ಟಾದರೂ ಆಯ್ತು."

ಮಂಗಳವಾರದ ಹೊತ್ತಿಗೆ ಮೂರು ಹಸುಗಳು ಸತ್ತವು. ಉಳಿದ ನಾಲ್ಕರಲ್ಲಿ ಎರಡರ ಗಬ್ಬ ಕಳೆಯಿತು.

ಡಿಸೆಂಬರಿನಲ್ಲಿ ರಿಚ್ಮಂಡ್ ಹಿಲ್ಲಿನಲ್ಲಿ ಒಂದು ಪೂಜೆಯ ಊಟ. ಅಕ್ಕನ ಮನಸ್ಸು ಬದಲಾಗಲಿ ಎಂದು ಸುಬ್ಬಯ್ಯ ಕರೆದುಕೊಂಡು ಹೋದ. ಅಲ್ಲಿ ರಾಮಮೂರ್ತಿ ಎಂಬ ಮೈಸೂರಿನ ಇಂಜಿನಿಯರ್ ತಟ್ಟೆ ಹಿಡಿದು ಎದುರಿಗೆ ಬಂದು ಕೂತ.

"ಬೇಜಾರ್ ಮಾಡ್ಕೋಬೇಡಿ ಸುಬ್ಬಯ್ಯನವರೇ, ಫ್ರ್ಯಾಂಕಾಗಿ ಹೇಳ್ತೀನಿ. ಗೋವುಗಳನ್ನ ಕಸಾಯಿಖಾನೆಗೆ ಕಳಿಸೋ ಬಿಸಿನೆಸ್ ನಮ್ಮೋರಿಗೆ ಆಗಿ ಬರಲ್ಲ. ಈಗ ನೋಡಿ, ಏನಾಯ್ತು."

ಈ ರಾಮಮೂರ್ತಿಯ ಮಗ ಶುಕ್ರವಾರ ಶುಕ್ರವಾರ ಹ್ಯಾಂಬರ್ಗರ್ ತಿನ್ನುತ್ತಿದ್ದ. ಅಂಗಡಿಗೆ ಕಾರಿನಲ್ಲಿ ಕರೆದೊಯ್ದು ದುಡ್ಡು ಕೊಡುತ್ತಿದ್ದವನು ಅಪ್ಪನೇ. ಆ ದನದ ಮಾಂಸ ಯಾವ ಮರದಲ್ಲಿ ಬೆಳೆಯಿತೆಂದು ಆ ಪಂಕ್ತಿಯಲ್ಲಿ ಯಾರೂ ಅವನನ್ನು ಕೇಳಲಿಲ್ಲ. ಎಲ್ಲರೂ ಸುಬ್ಬಯ್ಯನ ಮುಖ ನೋಡಿದರು. ಪಕ್ಕದಲ್ಲಿ ಕೊರಪ್ಪೊಳು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಕನ್ನಡ ಅವಳಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು.

ಮರಳುವ ದಾರಿಯಲ್ಲಿ, ಕಾರಿನಲ್ಲಿ, ಅವಳು ಕೇಳಿದಳು.

"ಟ್ರೈಲರಲ್ಲಿ ಹೋದ ಕರುಗಳು?"

"ಹೌದು ಅಕ್ಕ."

"ನಾನು ಬೆನ್ನು ಸವರಿ ಕಳಿಸಿದ್ದು."

ಸುಬ್ಬಯ್ಯ ಕಾರಿನ ವೇಗ ತಗ್ಗಿಸಿದ.

"ಅಷ್ಟು ಪ್ರೀತಿಯಲ್ಲಿ ಬಡಿಸಿದೆ ನಾನು. ನನ್ನ ಕೈಯಲ್ಲಿ ಉಂಡದ್ದು ಮಾರನೇ ದಿನ ಬಿತ್ತು. ಚಳಿ ಅಂತ ಹೇಳಿದೆ ನೀನು. ಚಳಿ ಅಲ್ಲ ಸುಬ್ಬ, ನಿನ್ನ ಪಾಪ ತಾಗಿದ್ದು ಅದಕ್ಕೆ."

ವೈದ್ಯ ಹೇಳಿದ್ದನ್ನು ತುಳುವಿನಲ್ಲಿ ಹೇಳಿಬಿಟ್ಟಿದ್ದರೆ ಅವನು ಆ ಕ್ಷಣವೇ ಬಿಡುಗಡೆಯಾಗುತ್ತಿದ್ದ. ಪಕ್ಕದಲ್ಲಿ ಅವಳ ಕೈ ಮಡಿಲಲ್ಲಿ ಬಿದ್ದಿತ್ತು, ಬಡಿಸಿದ ಕೈ. ಸುಬ್ಬಯ್ಯ ರಸ್ತೆಯನ್ನೇ ನೋಡುತ್ತ, "ಹೌದು ಅಕ್ಕ, ನನ್ನದೇ" ಎಂದ.

ಕೊರಪ್ಪೊಳು ಮತ್ತೆ ಬೇಲಿಯ ಹತ್ತಿರ ಹೋಗಲಿಲ್ಲ. ವಸಂತದಲ್ಲಿ ಅವನು ಉಳಿದ ನಾಲ್ಕನ್ನೂ ಸಿಕ್ಕಷ್ಟಕ್ಕೆ ಮಾರಿ, ಗೇಣಿ ಬಿಟ್ಟು, ಓಕ್‌ವಿಲ್‌ಗೆ ಹಿಂತಿರುಗಿದ. ಅವಳು ಅವನಿಗೆ ಅಡುಗೆ ಮಾಡಿ ಹಾಕಿದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದಳು. ದೀಪಾವಳಿ ಬಂದಾಗ ಮಾತ್ರ ಮಾತು ಬಿಡುತ್ತಿದ್ದಳು. ಇಂಥ ಐದು ದೀಪಾವಳಿಗಳು ಕಳೆದವು. ರಾಮಮೂರ್ತಿಯ ಮಾತು ಊರೆಲ್ಲ ಸುತ್ತಿತು. ಯಾರು ಕೇಳಿದರೂ ಸುಬ್ಬಯ್ಯ "ಇರಬಹುದು" ಎನ್ನುತ್ತಿದ್ದ.

2009ರ ಮಾರ್ಚಿನಲ್ಲಿ, ಆಸ್ಪತ್ರೆಯಲ್ಲಿ, ಅವಳು ಅವನನ್ನು ಹತ್ತಿರ ಕರೆದಳು. ದನಿ ಸಣ್ಣದಾಗಿತ್ತು.

"ಆ ದನಗಳ ಪಾಪ ತಲೆಯಲ್ಲಿಟ್ಟುಕೊಂಡು ಎಷ್ಟು ದಿನ ತಿರುಗುತ್ತಿ ಸುಬ್ಬ? ಕೇಳು. ಬೊಳ್ಳಿ ಸಾಯುವ ಮುಂಚೆ ನಾನು ಅದಕ್ಕೆ ಹೊಟ್ಟೆ ತುಂಬ ಹಾಕಿದ್ದೇನಲ್ಲ, ಆ ಪುಣ್ಯ ಒಂದುಂಟು ನನ್ನ ಹತ್ತಿರ. ಅದನ್ನು ನಿನಗೆ ಬಿಟ್ಟಿದ್ದೇನೆ. ತಗೊಳ್ತಿಯಾ?"

ಸುಬ್ಬಯ್ಯ ಎರಡೂ ಕೈ ಚಾಚಿ ಅವಳ ಬಲಗೈಯನ್ನು ಹಿಡಿದುಕೊಂಡ.

"ತಗೊಂಡೆ ಅಕ್ಕ" ಎಂದ.