ಮುತ್ತುಗದ ಎಲೆಯಲ್ಲಿ ಬಂದ ಹೃದಯ

ಹುಲಿಗೆಮ್ಮ, ಆ ಕುರಿಯ ಹೃದಯವನ್ನು ಶಾಲೆಗೆ ತರಲು ನಿನಗೆ ಹೇಳಿದ್ದು ನಾನು. ಹೇಳಿಲ್ಲವೆಂದು ಹೆಡ್ ಮಾಸ್ತರರ ಮುಂದೆ ಸುಳ್ಳಾಡಿದ್ದೂ ನಾನೇ. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ — ಗಂಡನ ಮುಂದೆ ಸಹ. ಮಕ್ಕಳ ತಪ್ಪಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಲೇ ತಲೆ ಹಣ್ಣಾದವಳು ನಾನು. ನನ್ನ ತಪ್ಪಿನ ಕೆಳಗೆ ಮಾತ್ರ ಗೆರೆ ಎಳೆಯಲು ಕೈ ಏಳಲಿಲ್ಲ.

ಆಗ ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು, ನಿಮ್ಮೆಲ್ಲರ ಬಾಯಲ್ಲಿ ಅಕ್ಕೋರು. ಅದೇ ಊರಿಗೆ ಹೊಸ ಸೊಸೆ. ನೀನು ಒಂಬತ್ತನೆಯ ತರಗತಿ, ಎರಡನೆಯ ಬೆಂಚು. ನಿಮ್ಮಪ್ಪ ಈರಣ್ಣನದು ಕುರಿ ಮಾಂಸದ ಅಂಗಡಿ. ಅಂದು ಗೋಡೆಗೆ ಹೃದಯದ ಚಾರ್ಟು ತೂಗುಹಾಕಿ ಪಾಠ ಮಾಡುತ್ತಿದ್ದೆ. ಅರ್ಧ ಕೆಂಪು, ಅರ್ಧ ನೀಲಿ. ನೀನು ಎದ್ದು ನಿಂತೆ.

"ಗುಂಡಿಗಿ ಹಿಂಗಿರಂಗಿಲ್ರಿ ಅಕ್ಕೋರ. ನೀಲಿ ಎಲ್ಲೈತ್ರಿ ಅದರಾಗ? ನಾ ದಿನಾ ನೋಡ್ತೀನಿ."

ತರಗತಿ ಗೊಳ್ಳೆಂದಿತು. "ಗುಂಡಿಗಿ ಅಲ್ಲ, ಹೃದಯ ಅನ್ನು" ಎಂದು ತಿದ್ದಿದೆ. ನೀನು ಕಷ್ಟಪಟ್ಟು "ರುದಯ" ಎಂದೆ. ನಗುವವರ ಜೊತೆ ನಾನೂ ನಕ್ಕೆ. ಆಮೇಲೆ, ನಕ್ಕಿದ್ದಕ್ಕೆ ಸ್ವಲ್ಪ ನಾಚಿಕೆಯಾಗಿಯೋ, ನಾನೇ ಎಂದೂ ನೋಡಿರದ ನಿಜವಾದ ಹೃದಯವನ್ನು ನೋಡುವ ಆಸೆಗೋ — ನಮ್ಮ ಮನೆತನದಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ — "ಹಂಗಾದ್ರ ನಾಳೆ ಒಂದು ತಗೊಂಡು ಬಾ, ಎಲ್ಲಾರೂ ನೋಡೋಣು" ಎಂದೆ. ನಿನ್ನ ಮುಖ ಅರಳಿದ್ದನ್ನು ಮರೆತಿಲ್ಲ. ನಿಮ್ಮ ಅಂಗಡಿಯಿಂದ ಶಾಲೆ ಏನನ್ನಾದರೂ ಕೇಳಿದ್ದು ಬಹುಶಃ ಅದೇ ಮೊದಲು.

ಮರುದಿನ ನೀನು ಅದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು ತಂದೆ. ಅಪ್ಪ ಅದನ್ನು ಮಾರದೆ, ರಕ್ತ ಹೋಗುವವರೆಗೆ ತೊಳೆದು ಕೊಟ್ಟಿದ್ದನಂತೆ. ನಾನು ಬೆಂಚಿನಿಂದ ಒಂದು ಮಾರು ದೂರ, ಮೂಗಿಗೆ ಸೆರಗು ಹಿಡಿದು ನಿಂತೆ. "ನೀವ ಮುಟ್ಟಬ್ಯಾಡ್ರಿ ಅಕ್ಕೋರ, ನಾ ಹಿಡಿತೀನಿ" ಎಂದು ನೀನು ಬ್ಲೇಡು ಇಸಿದುಕೊಂಡೆ. ನಾನು ಪುಸ್ತಕ ನೋಡಿ ಹೇಳುತ್ತಿದ್ದೆ, ನೀನು ಕೊಯ್ದು ತೋರಿಸುತ್ತಿದ್ದೆ. ಕೋಣೆಗಳು, ಕವಾಟಗಳು, ಬೆರಳು ತೂರುವಷ್ಟು ದೊಡ್ಡ ರಕ್ತನಾಳ. ಹಿಂದಿನ ಬೆಂಚಿನ ತುಂಟರೂ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು. ನನ್ನ ಇಡೀ ನೌಕರಿಯಲ್ಲಿ ಅಂಥ ಪಾಠ ಇನ್ನೊಂದು ಆಗಲಿಲ್ಲ. ಕೊನೆಗೆ ನೀನು ಕೇಳಿದೆ:

"ಹೆದರಿಕಿ ಆದಾಗ ಎದಿ ಝಲ್ ಅಂತೈತಲ್ರಿ, ಅದು ಇದರಾಗ ಎಲ್ಲಿ ಆಕ್ಕತಿ?"

ಪುಸ್ತಕದಲ್ಲಿ ಅದಿರಲಿಲ್ಲ. "ಸಿಲಬಸ್‌ನಾಗ ಇದ್ದಷ್ಟು ಕೇಳು" ಎಂದುಬಿಟ್ಟೆ.

ಉತ್ತರ ನನಗೆ ಬೇಗನೇ ಸಿಕ್ಕಿತು. ಮಾರನೆಯ ದಿನ ಒಬ್ಬ ಹುಡುಗನ ತಂದೆ ಹೆಡ್ ಮಾಸ್ತರರ ಕೋಣೆಗೆ ನುಗ್ಗಿದರು. "ಸಾಲ್ಯಾಗ ಮಾಂಸ ಕೊಯ್ಯಾಕ ಹಚ್ಚೀರೇನ್ರಿ?" ಎಂದು ಹೊರಗೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ನಿನ್ನ ಬಾಯಲ್ಲಿ ಗುಂಡಿಗೆಯಾಗಿದ್ದು, ನನ್ನ ಪಾಠದಲ್ಲಿ ಹೃದಯವಾಗಿದ್ದು, ಅವರ ಬಾಯಲ್ಲಿ ಮಾಂಸವಾಗಿತ್ತು. ಅವರು ನಮ್ಮತ್ತೆಗೆ ದೂರದ ನಂಟರು. ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ, ಅತ್ತೆ ನನ್ನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ — ತಲೆಯಲ್ಲಿ ಇದೊಂದೇ. ಹೌದು, ಅಷ್ಟೇ. ನೌಕರಿ ಹೋಗುವ ಭಯವೂ ಅಲ್ಲ, ಒಂದು ಅಡುಗೆಮನೆ.

ನಿನ್ನನ್ನು ಕರೆಸಿದರು. ತರಲು ಯಾರು ಹೇಳಿದರೆಂದು ಹೆಡ್ ಮಾಸ್ತರರು ಕೇಳಿದಾಗ ನೀನು ನನ್ನ ಕಡೆ ನೋಡಿದೆ. ದೂರುವ ನೋಟವಲ್ಲ ಅದು — ಅಕ್ಕೋರು ಈಗ ಹೇಳುತ್ತಾರೆ ಎಂಬ ನೆಮ್ಮದಿ. ನನ್ನ ಎದೆ ಝಲ್ಲೆಂದಿತು. ಆಮೇಲೆ ನನ್ನ ಬಾಯಿಂದ ಬಂತು:

"ನಾ ಹೇಳಿಲ್ರಿ ಸರ್. ತಾನ ತಂದಾಳ."

ನೀನು ತಲೆ ತಗ್ಗಿಸಿದೆ. ನಾನು ತರಲು ಹೇಳಿದ್ದನ್ನು ಇಡೀ ತರಗತಿ ಕೇಳಿತ್ತು, ಹೆಡ್ ಮಾಸ್ತರರು ಮಾತ್ರ ಅವರಲ್ಲಿ ಒಬ್ಬರನ್ನೂ ಕರೆದು ವಿಚಾರಿಸಲಿಲ್ಲ. ಅಂಗಡಿ ಬಿಟ್ಟು ಬಂದ ನಿಮ್ಮಪ್ಪ ಕೈಮುಗಿದು "ತಪ್ಪಾತ್ರಿ, ಹುಡುಗಿಗೆ ತಿಳೀಲಿಲ್ಲ" ಎಂದ. ಹಿಂದಿನ ದಿನ ತನ್ನ ಕೈಯಾರೆ ಆರಿಸಿ ಕೊಟ್ಟವನು, ಯಾರು ಕೇಳಿದ್ದೆಂದು ಅವನಿಗೆ ಗೊತ್ತಿತ್ತು. ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ಎಲ್ಲರೂ ನೋಡುತ್ತಿದ್ದಂತೆ ನೀನು ಫಿನಾಯಿಲ್ ಹಾಕಿ ಬೆಂಚು, ನೆಲ ತೊಳೆದೆ. ನಾನು ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ — ಏನು ಪಾಠವೋ.

ಆಮೇಲೆ ನೀನು ಕೊನೆಯ ಬೆಂಚಿಗೆ ಹೋದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತನೆಯ ತರಗತಿಗೆ ಬರಲೇ ಇಲ್ಲ. ಸಿರುಗುಪ್ಪದ ಕಡೆ ಮದುವೆಯಾಯಿತೆಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದೆ — ಹಾಗೆ ಎಂದೆನಲ್ಲ, ಆ ನಾಲಗೆಯನ್ನು ಏನು ಮಾಡಲಿ.

ಹೋದ ತಿಂಗಳು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೀರೆ ಅಂಗಡಿಯ ಮೆಟ್ಟಿಲಿಳಿಯುವಾಗ "ಅಕ್ಕೋರ!" ಎಂದು ಕೂಗಿದವಳು ನೀನು. ನಾನು ಗುರುತು ಹಿಡಿಯದವಳಂತೆ ನಿಂತೆ. ಅದೂ ಸುಳ್ಳು, ನೋಡಿದ ಕೂಡಲೇ ಹಿಡಿದಿದ್ದೆ. ಜೊತೆಗೆ ಎತ್ತರದ ಮಗಳು. ನೀನು "ಅಕ್ಕೋರ ಕಾಲು ಮುಟ್ಟವ್ವ" ಎಂದೆ. ಹುಡುಗಿ ಬಾಗಿದಳು, ನಾನು ತಲೆ ಮುಟ್ಟಿ ಹರಸಿದೆ. ಈಗ ಒಂಬತ್ತನೆಯ ತರಗತಿಯಂತೆ.

"ಇಕಿ ಕ್ಲಾಸಿನ್ಯಾಗ ಬಾಯಿನ ಬಿಚ್ಚಂಗಿಲ್ರಿ" ಎಂದು ನೀನು ಹೆಮ್ಮೆಯಿಂದ ಹೇಳಿದೆ. "ನಾನ ಹೇಳಿಟ್ಟೀನಿ. ನಾ ಒಮ್ಮೆ ಯಾರನ್ನೂ ಕೇಳದ ಗುಂಡಿಗಿ ತಂದು ನಮ್ಮ ಅಕ್ಕೋರ ಮರ್ಯಾದಿ ಕಳದಿದ್ದೆ. ನೀ ಹಂಗ ಮಾಡಬ್ಯಾಡ, ಕೇಳಿದ್ದಕ್ಕಷ್ಟ ಉತ್ತರ ಕೊಡು ಅಂತ."

ಯಾರನ್ನೂ ಕೇಳದೆ ತಂದಿದ್ದೆ ಎಂದು ನೀನು ಈಗ ನಿಜವಾಗಿ ನಂಬಿದ್ದೀಯೋ, ಇಲ್ಲ ಮಗಳ ಮುಂದೆ ನನ್ನ ಮಾನ ಕಾಯುತ್ತಿದ್ದೆಯೋ — ಮುಖ ನೋಡಿದರೆ ತಿಳಿಯಲಿಲ್ಲ. ಯಾವುದಾದರೂ ನನಗೆ ಒಂದೇ. ಆಗಲೇ, ಆ ಮೆಟ್ಟಿಲ ಮೇಲೆಯೇ ಹೇಳಬೇಕಿತ್ತು. "ಚೆನ್ನಾಗಿ ಓದವ್ವ" ಎಂದು ಆಟೋ ಹತ್ತಿದೆ. ಎರಡನೆಯ ಸಲವೂ ನಿನ್ನನ್ನು ಬಿಟ್ಟು ಬಂದೆ. ನಿನ್ನೊಬ್ಬಳ ಬಾಯಿ ಮುಚ್ಚಿಸಿದೆ ಎಂದುಕೊಂಡಿದ್ದೆ, ನಿನ್ನ ಮಗಳ ಬಾಯನ್ನೂ ಮುಚ್ಚಿಸಿದ್ದೆ.

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಆ ಅಡುಗೆಮನೆ ಈಗ ಯಾರದ್ದೋ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಕೇಳುವುದಿಲ್ಲ.

ಬರುವ ಭಾನುವಾರ ಸಿರುಗುಪ್ಪಕ್ಕೆ ಬರುತ್ತೇನೆ. ನಿನಗಲ್ಲ, ನಿನ್ನ ಮಗಳಿಗೆ ಹೇಳಬೇಕು — ನಿಮ್ಮವ್ವ ಕೇಳದೆ ಏನನ್ನೂ ತರಲಿಲ್ಲ, ತರಲು ಹೇಳಿದವಳು ನಾನು, ಇಲ್ಲವೆಂದವಳೂ ನಾನು, ಅವಳ ಪ್ರಶ್ನೆಗೆ ಉತ್ತರ ನನಗೇ ಗೊತ್ತಿರಲಿಲ್ಲ ಎಂದು. ಬಾಗಿಲಲ್ಲಿ ನನ್ನನ್ನು ನೋಡಿದೊಡನೆ ನೀನು ಅವಳನ್ನು ಕರೆಯುತ್ತೀ, ನನಗೆ ಗೊತ್ತು. ಕರಿ. ಆದರೆ ನಾನು ಹೇಳಿ ಮುಗಿಸುವವರೆಗೆ ನನ್ನ ಕಾಲು ಮುಟ್ಟಲು ಅವಳಿಗೆ ಹೇಳಬೇಡ.